35,000 ಅಡಿ ಮೇಲೆ ಸ್ಪೀಡೇ ಕಾಣದಿದ್ದರೆ?

ಕಲಬುರಗಿ ಏರ್‌ಪೋರ್ಟ್‌ನಲ್ಲಿ ಫ್ಲೈಯಿಂಗ್ ಕಲಿಯುವವರಿಗೆ ಪಿಟೋ-ಸ್ಟ್ಯಾಟಿಕ್ ಪಾಠ ಬೇಗ ಬಾಯಿಪಾಠ ಆಗುತ್ತೆ. ಎದುರಿಂದ ನುಗ್ಗುವ ಗಾಳಿಯ ಒತ್ತಡವನ್ನು ಪಿಟೋ ಟ್ಯೂಬ್ ಅಳೆಯುತ್ತದೆ, ಸುತ್ತಲಿನ ಗಾಳಿಯ ಒತ್ತಡವನ್ನು ಸ್ಟ್ಯಾಟಿಕ್ ಪೋರ್ಟ್ ಅಳೆಯುತ್ತದೆ. ಎರಡರ ವ್ಯತ್ಯಾಸದಿಂದ ಸ್ಪೀಡ್ ಸಿಗುತ್ತದೆ. ಎತ್ತರಕ್ಕೆ ಸ್ಟ್ಯಾಟಿಕ್ ಒಂದೇ ಸಾಕು. ಅಂದ್ರೆ ಪಿಟೋ ಕಟ್ಟಿಕೊಂಡರೆ ಸ್ಪೀಡ್ ಮಾತ್ರ ಕೆಡಬೇಕು, ಅಲ್ವಾ?

ಸಣ್ಣ ವಿಮಾನಕ್ಕೆ ಇದು ಸರಿ. ಜೆಟ್‌ಗೆ ಅಲ್ಲ. ಜೋರಾಗಿ ಹೋಗುವಾಗ ಸ್ಟ್ಯಾಟಿಕ್ ಪೋರ್ಟ್ ಹತ್ತಿರದ ಒತ್ತಡ ಸ್ವಲ್ಪ ತಪ್ಪಾಗಿರುತ್ತೆ. ಅದನ್ನು ಕಂಪ್ಯೂಟರ್ ಮ್ಯಾಕ್ ಸಂಖ್ಯೆ (ಶಬ್ದದ ವೇಗಕ್ಕೆ ಹೋಲಿಸಿದ ಸ್ಪೀಡ್) ನೋಡಿ ತಿದ್ದುತ್ತದೆ. ಪಿಟೋ ಕಟ್ಟಿಕೊಂಡು ಮ್ಯಾಕ್ ಸುಳ್ಳಾಗಿ ಕುಸಿದರೆ ತಿದ್ದುಪಡಿಯೂ ಕೆಡುತ್ತದೆ. ಏರ್‌ಬಸ್ ಎ330ರಲ್ಲಿ ವಿಮಾನ ಇದ್ದಲ್ಲೇ ಇದ್ದರೂ ಎತ್ತರ ಸುಮಾರು 300 ಅಡಿ ಕಡಿಮೆ ತೋರಿಸುತ್ತೆ. ನನ್ನ ಪ್ರಕಾರ ಇಡೀ ಪಾಠದಲ್ಲಿ ಜಾಸ್ತಿ ಹೊತ್ತು ಕೂರಬೇಕಾದ ಜಾಗ ಇದೇ. ಸ್ಪೀಡೂ ಇಲ್ಲ, ಎತ್ತರವೂ ಇಳಿದಂತೆ ಕಾಣುತ್ತಿದೆ ಅಂದರೆ ಕೈ ತಾನಾಗೇ ಮೂತಿ ಎತ್ತಲು ಹೋಗುತ್ತದೆ.

ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ಎಂಬ ಎ330ರಲ್ಲಿ 2009ರ ಜೂನ್ 1ರಂದು ಪಿಟೋಗಳಿಗೆ ಹಿಮದ ಹರಳು ತುಂಬಿಕೊಂಡವು. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಕೂತು ಇದನ್ನು ಓದಿದರೆ ನಂಬಿಕೆ ಬರಲ್ಲ. ಆದರೆ 35,000 ಅಡಿ ಮೇಲೆ ಸಾಮಾನ್ಯವಾಗಿ ಮೈನಸ್ 54 ಡಿಗ್ರಿ. ಗುಡುಗು ಮೋಡದ ಸುತ್ತಲಿನ ಈ ಹರಳುಗಳನ್ನು ವಿಮಾನದ ರಾಡಾರ್ ಸರಿಯಾಗಿ ಹಿಡಿಯಲ್ಲ. ಪಿಟೋ ಹೀಟರ್ ಇದ್ದೂ ಸಾಲಲಿಲ್ಲ. ಆಟೋಪೈಲಟ್ ಕಳಚಿಕೊಂಡಿತು. ಪೈಲಟ್ ಮೂತಿ ಎತ್ತಿದರು. ವಿಮಾನ ಸುಮಾರು 38,000 ಅಡಿಗೆ ಏರಿ ಸ್ಟಾಲ್ ಆಯಿತು, ಅಂದ್ರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋದವು. ಸ್ಪೀಡ್ ಕೆಟ್ಟಿದ್ದು ಒಂದು ನಿಮಿಷಕ್ಕೂ ಕಡಿಮೆ ಹೊತ್ತು, ಸತ್ತವರು 228 ಜನ. ಇನ್ನೊಂದು ಗಮನಿಸಿ: ತೋರುವ ಸ್ಪೀಡ್ 60 ನಾಟ್‌ಗಿಂತ ಇಳಿದರೆ ಆ ವಿಮಾನದಲ್ಲಿ ಸ್ಟಾಲ್ ಎಚ್ಚರಿಕೆಯೇ ನಿಲ್ಲುತ್ತಿತ್ತು. ಮೂತಿ ಇಳಿಸಿ ಸ್ಪೀಡ್ 60 ದಾಟಿದಾಗ ಅದು ಮತ್ತೆ ಕೂಗಿತು. ಸರಿಯಾದದ್ದು ಮಾಡಿದವರಿಗೇ ಬೈದ ಹಾಗೆ!

ಸ್ಟ್ಯಾಟಿಕ್ ಮುಚ್ಚಿದ್ದಕ್ಕೆ 1996ರ ಅಕ್ಟೋಬರ್‌ನ ಏರೋಪೆರು 603 ನೋಡಿ. ವಿಮಾನ ತೊಳೆಯುವಾಗ ಪೋರ್ಟ್‌ಗೆ ಅಂಟಿಸಿದ ಟೇಪ್ ತೆಗೆದಿರಲಿಲ್ಲ. ಪೈಲಟ್‌ಗಳು ಎಟಿಸಿಯನ್ನು (ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರನ್ನು) ಎತ್ತರ ಕೇಳಿದರು. ಅವರ ತೆರೆಗೆ ಎತ್ತರ ಬರುವುದು ವಿಮಾನದ ಟ್ರಾನ್ಸ್‌ಪಾಂಡರ್ ಎಂಬ ರೇಡಿಯೊ ಸಾಧನದಿಂದಲೇ. ಅಂದ್ರೆ ಕೆಟ್ಟ ಆಲ್ಟಿಮೀಟರ್‌ನ (ಎತ್ತರ ತೋರಿಸುವ ಮೀಟರ್‌ನ) ಸಂಖ್ಯೆಯೇ ಬೇರೆಯವರ ಬಾಯಲ್ಲಿ ವಾಪಸ್ ಬಂತು. ವಿಮಾನ ಸಮುದ್ರಕ್ಕೆ ಬಿತ್ತು, 70 ಜನ ಸತ್ತರು.

ಹಾಗಾದ್ರೆ ಮಾಡೋದೇನು? ಆಟೋಪೈಲಟ್, ಆಟೋಥ್ರಸ್ಟ್ (ಎಂಜಿನ್ ಪವರ್ ತಾನೇ ನೋಡಿಕೊಳ್ಳುವ ವ್ಯವಸ್ಥೆ) ತೆಗೆದು, ಗೊತ್ತಿರುವ ಪಿಚ್ (ಮೂತಿಯ ಕೋನ), ಗೊತ್ತಿರುವ ಪವರ್ ಇಟ್ಟು ಕೂರಬೇಕು. ಇವೆರಡಕ್ಕೂ ಪಿಟೋ ಬೇಕಿಲ್ಲ. ಕ್ರೂಸ್‌ನಲ್ಲಿ, ಅಂದ್ರೆ ಮೇಲೇರಿ ಒಂದೇ ಎತ್ತರದಲ್ಲಿ ಸಾಗುವಾಗ, ಪಿಚ್ ಎರಡು-ಮೂರು ಡಿಗ್ರಿ ಅಷ್ಟೇ. ಜಿಪಿಎಸ್ ನೋಡಬಹುದಲ್ಲ ಅಂದ್ರೆ, ಆ ಸ್ಪೀಡ್ ನೆಲದ ಮೇಲಿನದು, ಅದರಲ್ಲಿ ಗಾಳಿಯ ಪಾಲೂ ಸೇರಿರುತ್ತೆ. ಎಟಿಸಿಗೆ ಮಾತ್ರ ತಡ ಮಾಡದೆ ಹೇಳಿ: ಆ ಎತ್ತರದಲ್ಲಿ ಮೇಲಿನ, ಕೆಳಗಿನ ವಿಮಾನಗಳಿಗೂ ನಿಮಗೂ ಇರುವ ಅಂತರ ಬರೀ 1,000 ಅಡಿ.