ಬತ್ತಿ ದಪ್ಪ ಆದ್ರ ಬೆಳಕಲ್ರೀ, ಮಸಿ

ಡಿಸೆಂಬರ್ ಬಂತಂದ್ರ ಬೆಳಗಾವಿ ಕ್ಯಾಂಪ್ ಕಡೆಯಿಂದ ಆರ್ಡರ್ ಚಾಲೂ ಆಗ್ತಾವ, ಅದರ ಜೋಡಿ ಅದ ಮಾತೂ ಬರ್ತೈತಿ, "ಅಣ್ಣಾ, ಈ ಸಲ ಬತ್ತಿ ದಪ್ಪಂದು ಹಾಕ್ರಿ, ಬೆಳಕು ಚಲೋ ಬರ್ಲಿ." 18 ವರ್ಷ ಆತು ಮೇಣಬತ್ತಿ ಹೊಯ್ಯಾಕತ್ತು, ಈ ಮಾತು ಕೇಳಿ ಕೇಳಿ ಸಾಕಾಗೇತಿ.

ಜನಾ ಏನ್ ತಿಳಕೊಂಡಾರಂದ್ರ ಉರಿಯೋದು ಬತ್ತಿ, ಮೇಣ ಬರೇ ಅದನ್ನ ಹಿಡಕೊಂಡು ನಿಂತೈತಿ ಅಂತ. ಬರೇ ನೂಲಿಗೆ ಕಡ್ಡಿ ಗೀರಿ ನೋಡ್ರಿ, ಎಷ್ಟೊತ್ತು ಉರೀತೈತಿ? ಉರಿಯೋದು ಮೇಣಾರೀ, ಅದೂ ಗಟ್ಟಿದಲ್ಲ, ಕರಗಿದ್ದೂ ಅಲ್ಲ, ಅದರ ಆವಿ. ಪ್ಯಾರಾಫಿನ್, ಅಂದ್ರ ನಾವು ಹೊಯ್ಯೂ ಮೇಣ, ಹೆಚ್ಚುಕಮ್ಮಿ 60 ಡಿಗ್ರಿಗೆ ಕರಗ್ತೈತಿ, ಖಾರಿ ತುದಿ ಅದ್ದಿದ್ರ ಚಹಾ ಮ್ಯಾಲೇರತೈತಲ್ಲ ಹಂಗ ಬತ್ತಿಯೊಳಗ ಏರ್ತೈತಿ, ತುದಿಗೆ ಹೋಗಿ ಕಾವಿಗೆ ಆವಿ ಆಗಿ ಗಾಳಿಯೊಳಗಿನ ಆಕ್ಸಿಜನ್ ಸಿಕ್ಕಲ್ಲಿ ಉರೀತೈತಿ. ಬತ್ತಿ ಅಂದ್ರ ಒಂದ್ ಪೈಪ್, ಅಷ್ಟ.

ಪೈಪ್ ದಪ್ಪ ಮಾಡಿದ್ರ ಮೇಣ ಹೆಚ್ಚು ಏರ್ತೈತಿ, ಉರಿ ದೊಡ್ಡದಾಗ್ತೈತಿ, ಖರೇ. ಆದ್ರ ಗಾಳಿ ಹೊರಗಿಂದ ಒಳಗ ಹೋಗಬೇಕು, ಉರಿ ದೊಡ್ಡದಾದಷ್ಟು ಒಳಗಿನ ಆವಿಗೆ ಗಾಳಿ ಸಾಲೂದಿಲ್ಲ. ಆ ಹಳದಿ ಬೆಳಕು ನೋಡ್ತೀರಲ್ಲ, ಅದ ಮಸಿ ಕಣ ಕಾದು ಹೊಳಿಯೋದು. ಅವು ಉರಿ ಅಂಚಿನ್ಯಾಗ ಸುಟ್ಟು ಹೋದ್ರ ಛಲೋ, ಸುಡದ ಪಾರಾದ್ರ ನಿಮ್ಮ ಛತ್ತು ಕರ್ರಗ. ಕಂದೀಲು ಹಚ್ಚಿದವ್ರಿಗೆ ಇದನ್ನ ಹೇಳೂದ ಬ್ಯಾಡ, ಬತ್ತಿ ಏರಿಸಿದ್ರ ಗಾಜು ಕಪ್ಪಾಗ್ತಿತ್ತು, ನಮ್ಮವ್ವ ಅಡಿಗಿಮನಿಯಿಂದ "ಏ, ಸಣ್ಣ ಮಾಡೋ" ಅಂತ ಒದರಾಕಿ. ಆಕಿನ ದೀಪದ ಮ್ಯಾಲ ತಾಟು ಹಿಡಿದು ಕಾಡಿಗಿ ಮಾಡಾಕಿ, ಅದೂ ಇದ ಮಸಿ.

ಹಂಗಂತ ತೀರಾ ಸಣ್ಣ ಬತ್ತಿನೂ ನಡಿಯೂದಿಲ್ಲ, ಕರಗಿದ ಮೇಣದಾಗ ಮುಳುಗಿ ಆರತೈತಿ. ನಾ ಹೇಳಾಕತ್ತಿದ್ದು ಪ್ಯಾರಾಫಿನ್ ಲೆಕ್ಕ, ಜೇನುಮೇಣಕ್ಕ, ವಾಸನಿ ಹಾಕಿದ್ದಕ್ಕ ಬ್ಯಾರೆ ಬತ್ತಿ ಬೇಕಾಗಬಹುದು, ಹಚ್ಚಿ ನೋಡಿನ ಹೇಳಬೇಕು. ಮತ್ತ ಫ್ಯಾನ್ ಕೆಳಗಿಟ್ರ ಎಂಥಾ ಬತ್ತಿನೂ ಹೊಗಿ ಉಗುಳತೈತಿ, ಅದಕ್ಕ ನನ್ನ ಬೈಬ್ಯಾಡ್ರಿ.

ಹೋದ ವರ್ಷ ಒಬ್ರು ಕಾಕಾ ಅರ್ಧ ಉರಿದಿದ್ದನ್ನ ಪೇಪರಿನ್ಯಾಗ ಸುತ್ಕೊಂಡು ಬಂದು "ಮೇಣನ ಖೊಟ್ಟಿ ಐತಿ, ನಮ್ಮ ದೇವರ ಜಗಲಿ ಗ್ವಾಡಿ ನೋಡು ಬಾ" ಅಂತ ಜಗಳಾನ ತಗದ್ರು. ನೋಡಿದ್ರ ಬತ್ತಿ ಅರ್ಧ ಇಂಚಿಗಿಂತ ಉದ್ದ ಆಗಿ ತುದಿಗೆ ಅಣಬಿ ತಲಿ ಹಂಗ ಮಸಿ ಗಂಟು ಕಟ್ಟಿತ್ತು. ಉಗುರು ಕಟರ್‌ಲೆ 5 ಮಿಲಿಮೀಟರ್ ಬಿಟ್ಟು ಕತ್ತರಿಸಿ ಹಚ್ಚಿದೆ, ಹೊಗಿ ನಿಂತು ಬಿಡ್ತು. ಅವರ ಮಾರಿ ಇನ್ನೂ ಬಿಗದಿತ್ತು. ಅದಕ್ಕ ಫೂ ಅಂತ ಆರಿಸಿ, ಮ್ಯಾಲೇಳೂ ಬೆಳ್ಳನ ಹೊಗಿಗೆ ಕಡ್ಡಿ ಹಿಡದೆ, ಬತ್ತಿಗೆ ಮುಟ್ಟಸಲೇ ಇಲ್ಲ, ಉರಿ ಹೊಗಿ ಹಿಡಕೊಂಡು ಸರ್ರನ ಕೆಳಗಿಳದು ಬತ್ತಿಗೆ ಹತ್ತಿತು. "ಅದು ಹೊಗಿ ಅಲ್ಲ ಕಾಕಾ, ಉರೀದ ಉಳದ ಮೇಣ." ವಿಜ್ಞಾನಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್‌ದಾಗ ಲಂಡನ್ನಿನ ಹುಡುಗರಿಗೆ ಇದನ್ನ ತೋರಿಸಿದ್ದು, ನಾ 70 ದಾಟಿದ ಹುಡುಗಗ ತೋರಿಸಿದೆ. ಅವರು ತಾವೂ ಮಾಡಿ ನೋಡಿದ್ರು, ಕಡ್ಡಿಪೆಟ್ಟಿಗಿ ಅರ್ಧ ಖಾಲಿ ಆತು, ಗಿರಾಕಿ ಹಿಂದ ನಿಂತಿದ್ರು. ಹೊಸಾದು ಒಂದೂ ತಗೊಳ್ಳಲಿಲ್ಲ, ಆ ಅರ್ಧದ್ದನ್ನ ಮತ್ತ ಪೇಪರಿನ್ಯಾಗ ಸುತ್ಕೊಂಡು ಹೋದ್ರು, ಜೋಡಿ ನನ್ನ ಕಟರೂ ಹೋತು.