ಬರೇ ಹವಾ ಅದ, ಏನ್ ಆಗ್ತದ?

ಬೀದರ್‌ನವರಿಗೆ ಜೆಟ್ ವಿಮಾನ ಹೊಸದೇನಲ್ಲ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಶುರುವಾಗಿದ್ದೇ ಇಲ್ಲಿನ ವಾಯುನೆಲೆಯಲ್ಲಿ. ತಲೆ ಮೇಲೆ ಹಾಕ್ ತರಬೇತಿ ಜೆಟ್ ಹಾರುವ ಊರಲ್ಲಿ ಹುಡುಗರಿಗೆ ಜೆಟ್ ಎಂಜಿನ್ ಹುಚ್ಚು ಹಿಡಿಯದೆ ಇರುತ್ತಾ? ಕಾಲೇಜಿನಲ್ಲಿ ಪ್ರಾಜೆಕ್ಟ್ ಸೀಸನ್ ಬಂತೆಂದರೆ ಯಾರಾದರೂ ಗುಜರಿಯಿಂದ ಲಾರಿಯ ಹಳೇ ಟರ್ಬೋಚಾರ್ಜರ್ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಜೋಡಿ ಚಕ್ರ) ತಂದೇ ತರುತ್ತಾರೆ. ಅದರ ಎರಡು ಬಾಯಿಗಳ ನಡುವೆ ಒಂದು ಉರಿಯುವ ಡಬ್ಬಿ ಕೂರಿಸಿದರೆ ಪುಟ್ಟ ಜೆಟ್ ಎಂಜಿನ್ ರೆಡಿ. ಒಳ್ಳೇ ಹುಚ್ಚೇ, ನನಗೆ ತಕರಾರಿಲ್ಲ. ತಕರಾರು ಇರೋದು ಅದನ್ನು ಸ್ಟಾರ್ಟ್ ಮಾಡುವ ರೀತಿಗೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕೋ, ಯಾರದೋ ಹಳೇ ಸಿಲಿಂಡರೋ ಎಳೆದು ತರುತ್ತಾರೆ. ಹುಷಾರಪ್ಪಾ ಅಂದರೆ, "ಬರೇ ಹವಾ ಅದ ಸರ್, ಏನ್ ಆಗ್ತದ?" ಅಂತಾರೆ.

ಏನಾಗ್ತದೆ ಅನ್ನೋಕೆ ಮೊದಲು, ಹವಾ ಯಾಕೆ ಬೇಕು ಅಂತ ನೋಡೋಣ. ಜೆಟ್ ಎಂಜಿನ್‌ನಲ್ಲಿ ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಮುಂದಿನ ಕಂಪ್ರೆಸರ್ ಚಕ್ರವನ್ನು ತಿರುಗಿಸೋದು, ಉರಿದ ಬಿಸಿಗಾಳಿಗೆ ತಿರುಗುವ ಹಿಂದಿನ ಟರ್ಬೈನ್ ಚಕ್ರ. ಆದರೆ ಕಂಪ್ರೆಸರ್ ಕೊಡುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧವಾದರೆ ಒತ್ತಡ ಕಾಲು ಭಾಗ. ಹತ್ತನೇ ಒಂದು ಪಾಲಾದರೆ ನೂರನೇ ಒಂದು ಪಾಲು, ಅಂದರೆ ಇಲ್ಲವೇ ಇಲ್ಲ ಅನ್ನಿ. ಹಾಗಾಗಿ ನಿಧಾನ ತಿರುಗುವಾಗ ಟರ್ಬೈನ್ ದುಡಿದದ್ದು ಕಂಪ್ರೆಸರ್‌ನ ಹೊಟ್ಟೆಗೇ ಸಾಲೋದಿಲ್ಲ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಾಡೆಲ್ ಜೆಟ್ ಸುಮ್ನೆ ಐಡ್ಲಿಂಗ್‌ನಲ್ಲಿ ಇರಬೇಕಾದರೂ ನಿಮಿಷಕ್ಕೆ 30 ಸಾವಿರ ಸುತ್ತು ದಾಟಿರಬೇಕು. ಅಲ್ಲಿಗೆ ಮುಟ್ಟುವ ತನಕ ಹೊರಗಿನಿಂದ ಯಾರೋ ತಿರುಗಿಸಬೇಕು. ಹುಡುಗರು ಹವಾ ಊದೋದು ಇದಕ್ಕೇ. ಬ್ಯಾಟರಿ ಸತ್ತ ಟೆಂಪೋವನ್ನು ತಳ್ಳಿ ಸ್ಟಾರ್ಟ್ ಮಾಡಿದವರಿಗೆ ಇದು ಗೊತ್ತು: ಎಂಜಿನ್ ಹಿಡಿಯುವ ಮುಂಚೆ ಕೈ ಬಿಟ್ಟರೆ ಅಷ್ಟು ಹೊತ್ತು ತಳ್ಳಿದ್ದೆಲ್ಲ ದಂಡ.

ಟೆಂಪೋ ಆದರೆ ದಂಡ ಅಷ್ಟೇ. ಜೆಟ್‌ನಲ್ಲಿ ನಷ್ಟ ಜಾಸ್ತಿ. ಒಳಗೆ ಹೋಗುವ ಗಾಳಿಯಲ್ಲಿ ಉರಿಯಲಿಕ್ಕೆ ಬಳಕೆಯಾಗುವುದು ಚಿಕ್ಕ ಪಾಲು. ಉಳಿದದ್ದೆಲ್ಲ ಬೆಂಕಿಯನ್ನು ತಣಿಸಿ ಟರ್ಬೈನ್ ತಡೆಯುವ ಬಿಸಿಗೆ ಇಳಿಸುತ್ತದೆ. ಅರ್ಧ ದಾರಿಯಲ್ಲಿ ಟ್ಯಾಂಕ್ ಖಾಲಿಯಾಗಿ, ಇಂಧನವಾದ ಸೀಮೆಎಣ್ಣೆ ಮಾತ್ರ ಹರಿಯುತ್ತಲೇ ಇದ್ದರೆ ಜ್ವಾಲೆ ಉದ್ದವಾಗಿ ಟರ್ಬೈನ್ ರೆಕ್ಕೆಗಳನ್ನೇ ನೆಕ್ಕುತ್ತದೆ. ರೆಕ್ಕೆ ಕೆಂಪಗಾಗೋಕೆ ಕೆಲವು ಸೆಕೆಂಡು ಸಾಕು. ಅದಕ್ಕೇ ಹವಾ ನಿಲ್ಲುವಂತಿದ್ದರೆ ಮೊದಲು ಇಂಧನ ನಿಲ್ಲಿಸಬೇಕು, ಆಮೇಲೆ ಬೇರೆ ಮಾತು.

ಈ ತಳ್ಳುವ ಕೆಲಸಕ್ಕೆ ಹಿಂದಿನವರು ಏನೇನೋ ಮಾಡಿದ್ದಾರೆ. ಜೆಟ್ ಎಂಜಿನ್ ಕಂಡುಹಿಡಿದವರಲ್ಲಿ ಒಬ್ಬನಾದ ಫ್ರಾಂಕ್ ವಿಟ್ಲ್ 1937ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ರಗ್ಬಿಯಲ್ಲಿ ತನ್ನ ಮೊದಲ ಎಂಜಿನ್ ಓಡಿಸಿದಾಗ ಅದನ್ನು ತಿರುಗಿಸಿದ್ದು ವಿದ್ಯುತ್ ಮೋಟಾರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಯುಮೋ 004 ಎಂಜಿನ್ನಿನ ಮೂಗಿನೊಳಗೆ ಒಂದು ಪುಟ್ಟ ಟು-ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಇತ್ತು, ಬೇಕಾದರೆ ಹಗ್ಗ ಎಳೆದು ಅದನ್ನು ಶುರು ಮಾಡಬಹುದಿತ್ತು! ನಮ್ಮ ವಾಯುಪಡೆ 2007ರವರೆಗೆ ಹಾರಿಸಿದ ಕ್ಯಾನ್‌ಬೆರಾ ಜೆಟ್ ವಿಮಾನದಲ್ಲಿ ಮದ್ದಿನ ಕಾರ್ಟ್ರಿಜ್ ಸಿಡಿಸಿ ಎಂಜಿನ್ ತಿರುಗಿಸುತ್ತಿದ್ದರು. ಬೀದರ್‌ನ ಹಾಕ್ ಒಳಗೆ ಒಂದು ಮರಿ ಟರ್ಬೈನ್ ಇದೆ. ಅದು ಊದುವ ಗಾಳಿಯಿಂದ ದೊಡ್ಡ ಎಂಜಿನ್ ಏಳುತ್ತದೆ. ಪ್ರಯಾಣಿಕರ 737, ಎ320ಗಳಲ್ಲೂ ಹೆಚ್ಚುಕಡಿಮೆ ಇದೇ ಉಪಾಯ, ಬಾಲದಲ್ಲಿ ಕೂತ ಚಿಕ್ಕ ಎಂಜಿನ್ನಿನ ಗಾಳಿ.

ಆ ಗಾಳಿಯ ಒತ್ತಡ ಎಷ್ಟು ಗೊತ್ತಾ? ಸುಮಾರು 40 ಪಿಎಸ್‌ಐ. ಕಾರಿನ ಟಯರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನನಗೆ ಇಡೀ ವಿಷಯದಲ್ಲಿ ಇಷ್ಟವಾದದ್ದು ಇದೇ. ಎಂಜಿನ್ ಕೇಳೋದು ಒತ್ತಡವನ್ನಲ್ಲ, ರಾಶಿ ರಾಶಿ ಗಾಳಿಯನ್ನು. ಟ್ಯಾಂಕ್ ಕೊಡೋದು ಸರಿಯಾಗಿ ಉಲ್ಟಾ: ಭಾರೀ ಒತ್ತಡ, ಚೂರು ಗಾಳಿ. ಮುಳುಗುಗಾರರು ಬೆನ್ನಿಗೆ ಕಟ್ಟುವ 12 ಲೀಟರ್ ಸಿಲಿಂಡರನ್ನು 200 ಬಾರ್‌ಗೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ, 14.5 ಪಿಎಸ್‌ಐ) ತುಂಬಿದರೂ ಹೊರಗೆ ಬಿಟ್ಟಾಗ ಸಿಗುವ ಗಾಳಿ ಸುಮಾರು 2400 ಲೀಟರ್, ತೂಕದಲ್ಲಿ 3 ಕಿಲೋ ಒಳಗೆ. ಒಣಗಿದ ಎಲೆ ಊದುವ ಬ್ಲೋವರ್ ನಿಮಿಷಕ್ಕೆ ಹತ್ತು ಸಾವಿರ ಲೀಟರ್‌ಗಿಂತ ಜಾಸ್ತಿ ಊದುತ್ತದೆ. ಸಿಲಿಂಡರಿನ ಪೂರ್ತಿ ಗಾಳಿ ಅದಕ್ಕೆ ಹದಿನೈದು ಸೆಕೆಂಡಿನ ಕೆಲಸ! ಟರ್ಬೋಚಾರ್ಜರ್ ಜೆಟ್ ಮಾಡುವವರಲ್ಲಿ ಬಹಳ ಜನ ಬ್ಲೋವರ್‌ನಲ್ಲೇ ಸ್ಟಾರ್ಟ್ ಮಾಡೋದು ಅದಕ್ಕೇ.

ಇನ್ನು ಒತ್ತಡದ ಕಡೆಗೆ ಬನ್ನಿ. ಆ ಸಿಲಿಂಡರ್ ಒಡೆದರೆ ಹೊರಬರುವ ಶಕ್ತಿ ಸುಮಾರು 100 ಗ್ರಾಂ ಟಿಎನ್‌ಟಿ ಸಿಡಿಮದ್ದಿಗೆ ಸಮ. ಪಂಕ್ಚರ್ ಅಂಗಡಿಯ 160 ಲೀಟರಿನ ಟ್ಯಾಂಕ್ 10 ಬಾರ್‌ನಲ್ಲಿದ್ದರೆ ಅದರ ಅರ್ಧದಷ್ಟು. ಹತ್ತೇ ಬಾರ್ ಅಲ್ವಾ ಅಂತ ಅನಿಸುತ್ತದೆ, ಆದರೆ ಟ್ಯಾಂಕ್ ದೊಡ್ಡದು. ಗಾಳಿ ಕುಗ್ಗುವ ವಸ್ತು, ಹಾಗಾಗಿ ತುಂಬುವಾಗ ಮಾಡಿದ ಕೆಲಸದಲ್ಲಿ ಬಹುಪಾಲು ಅದರೊಳಗೆ ಕೂತಿರುತ್ತದೆ. ನೀರು ಹಾಗಲ್ಲ. 200 ಬಾರ್‌ನಲ್ಲೂ ಅದು ಕುಗ್ಗೋದು ನೂರಕ್ಕೆ ಒಂದು ಪಾಲು. ಅದಕ್ಕೇ ಸಿಲಿಂಡರ್ ಪರೀಕ್ಷೆಯನ್ನು ಗಾಳಿ ತುಂಬಿ ಮಾಡಲ್ಲ, ನೀರು ತುಂಬಿ ಮಾಡುತ್ತಾರೆ. ಆಗ ಸಿಲಿಂಡರ್ ಸೀಳಿದರೂ ನೀರು ಚಿಮ್ಮಿ ಸುಮ್ಮನಾಗುತ್ತದೆ, ಒಳಗಿರುವ ಶಕ್ತಿ ಕೆಲವು ನೂರು ಪಟ್ಟು ಕಡಿಮೆ. ಸಿಎನ್‌ಜಿ ಗಾಡಿಯ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಈ ಪರೀಕ್ಷೆ ಕಡ್ಡಾಯ. ಪರೀಕ್ಷೆಯ ತಾರೀಕು ಸಿಲಿಂಡರಿನ ಕತ್ತಿನ ಹತ್ತಿರ ಕೊರೆದಿರುತ್ತದೆ. ಗುಜರಿಯಿಂದ ತಂದದ್ದಕ್ಕೆ ತಾರೀಕು ಕಾಣದಿದ್ದರೆ ಅದು ಗುಜರಿಗೇ ವಾಪಸ್ ಹೋಗಲಿ.

ಕಂಪ್ರೆಸರ್ ಟ್ಯಾಂಕಿಗೆ ಇನ್ನೊಂದು ಕಾಯಿಲೆ, ಒಳಗಿನ ತುಕ್ಕು. ಗಾಳಿ ಜೊತೆ ತೇವವೂ ಹೋಗಿ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಅದನ್ನು ಬಿಡೋಕೆಂದೇ ಕೆಳಗೆ ಒಂದು ಸಣ್ಣ ನಲ್ಲಿ ಇರುತ್ತದೆ. ಕಲಬುರಗಿಯಲ್ಲಿ ನಾನು ನೋಡಿದ ಒಂದು ಟ್ಯಾಂಕಿನ ಮೇಲೆ ಆಯುಧ ಪೂಜೆಯ ಅರಿಶಿನ ಕುಂಕುಮ ಹಾಗೇ ಇತ್ತು, ಹಿಡಿಕೆಗೆ ನಿಂಬೆಹಣ್ಣು ಮೆಣಸಿನಕಾಯಿ ಹೊಸದಾಗಿ ಕಟ್ಟಿತ್ತು. ಕೆಳಗಿನ ನಲ್ಲಿ ಮಾತ್ರ ಗ್ರೀಸು ಧೂಳು ಸೇರಿ ಕಲ್ಲಾಗಿತ್ತು, ಪಾನಾ ಹಾಕಿದರೂ ಅಲುಗಲಿಲ್ಲ. ನಿಂಬೆಹಣ್ಣು ವಾರಕ್ಕೊಮ್ಮೆ ಬದಲಾಗುತ್ತಂತೆ! ಅದರ ಜೊತೆಗೇ ಆ ನಲ್ಲಿಯನ್ನೂ ತಿರುಗಿಸಿದ್ದರೆ ಯಾವ ದೃಷ್ಟಿಯೂ ತಾಗುತ್ತಿರಲಿಲ್ಲ.

ಇಷ್ಟೆಲ್ಲ ಕೇಳಿಯೂ ಟ್ಯಾಂಕೇ ಬೇಕು ಅನ್ನುವವರು ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್ ಮುಟ್ಟಬೇಡಿ. 200 ಬಾರ್ ಅನ್ನು 6–8 ಬಾರ್‌ಗೆ ಇಳಿಸಿ, ಅದರ ಮುಂದೆ ಒಂದು ಸೇಫ್ಟಿ ವಾಲ್ವ್, ಆ ಒತ್ತಡಕ್ಕೆಂದೇ ಮಾಡಿದ ಪೈಪು. ತುದಿ ಕಳಚಿದ ಪೈಪು ಚಾಟಿಯಂತೆ ಹೊಡೆಯುತ್ತದೆ, ಅದಕ್ಕೆ ಎರಡೂ ತುದಿ ಕಟ್ಟಿ ಹಾಕಿ. ವಾಲ್ವನ್ನು ನಿಧಾನ ತೆರೆಯಿರಿ. ಸಿಲಿಂಡರನ್ನು ಬಿಸಿಲಿಗೆ ಇಡಬೇಡಿ, ನಮ್ಮ ಮೇ ತಿಂಗಳ ಬಿಸಿಲಲ್ಲಿ ಕಬ್ಬಿಣ 60 ಡಿಗ್ರಿಗೆ ಕಾದರೆ 25 ಡಿಗ್ರಿಯಲ್ಲಿ ತುಂಬಿದ 200 ಬಾರ್ 220 ದಾಟುತ್ತದೆ. ತಮಾಷೆಗೂ ಪೈಪನ್ನು ಯಾರ ಮೈಗೂ ಹಿಡಿಯಬೇಡಿ, ಆ ಹುಡುಗಾಟದಲ್ಲಿ ಜೀವ ಹೋಗಿದೆ. ಓಡುವ ಎಂಜಿನ್ನಿನ ಪಕ್ಕಕ್ಕೆ ನಿಲ್ಲಬೇಡಿ, ಚಕ್ರ ಒಡೆದರೆ ಚೂರುಗಳು ಹಾರೋದು ಆ ಕಡೆಗೇ. ಹವಾ ಸಿಲಿಂಡರ್ ಸಿಗಲಿಲ್ಲ ಅಂತ ವೆಲ್ಡಿಂಗ್ ಅಂಗಡಿಯ ಕಪ್ಪು ಆಕ್ಸಿಜನ್ ಸಿಲಿಂಡರನ್ನಂತೂ ಯಾವತ್ತೂ ತರಬೇಡಿ. ಎಣ್ಣೆ, ಗ್ರೀಸಿಗೆ ಒತ್ತಡದ ಆಕ್ಸಿಜನ್ ತಾಗಿದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುತ್ತದೆ. ಜೆಟ್ ಎಂಜಿನ್ನಿನ ಬೇರಿಂಗ್ ತುಂಬ ಎಣ್ಣೆಯೇ ಅಲ್ವಾ.

ಗಾಳಿ ಉಳಿಸುವ ಒಂದು ದಾರಿ ಇದೆ. ನಾಝಲ್ ಅನ್ನು, ಅಂದರೆ ಗಾಳಿ ಹೊರಡುವ ಪೈಪಿನ ಮೂತಿಯನ್ನು, ಎಂಜಿನ್ ಬಾಯಿಗೆ ಅಂಟಿಸಿ ಮುಚ್ಚಬೇಡಿ, ಸ್ವಲ್ಪ ದೂರದಲ್ಲಿ ಸ್ಟ್ಯಾಂಡಿಗೆ ಬಿಗಿದು ಇಡಿ. ಜೋರಾಗಿ ಹೊರಡುವ ಗಾಳಿ ಸುತ್ತಲಿನ ಗಾಳಿಯನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಟ್ಯಾಂಕಿನಿಂದ ಹೋಗೋದು ಕಡಿಮೆ, ಎಂಜಿನ್ನಿಗೆ ಸಿಗೋದು ಜಾಸ್ತಿ. ಗಾಳಿ ಹೊರಡುವಾಗ ವಾಲ್ವ್ ತಣ್ಣಗಾಗಿ ಸುಡು ಮಧ್ಯಾಹ್ನದಲ್ಲೂ ಅದರ ಮೇಲೆ ಇಬ್ಬನಿ ಕೂರುತ್ತದೆ. ಒಳಗಿನ ಗಾಳಿಯೂ ತಣ್ಣಗಾಗಿರುವುದರಿಂದ ಮೀಟರ್ ಇರುವುದಕ್ಕಿಂತ ಕಡಿಮೆ ತೋರಿಸಿ, ಆಮೇಲೆ ಮೆಲ್ಲಗೆ ಏರುತ್ತದೆ. ಟ್ಯಾಂಕಿನಲ್ಲಿ ಕೊನೆಗೆ ಸ್ವಲ್ಪ ಹವಾ ಉಳಿದಿರಲಿ. ಎಂಜಿನ್ ಆರಿಸಿದ ಮೇಲೂ ಅದನ್ನು ಊದಿ ತಣ್ಣಗೆ ಮಾಡದಿದ್ದರೆ ಟರ್ಬೈನಿನ ಬಿಸಿ ಹಿಂದಕ್ಕೆ ಹರಿದು ಬೇರಿಂಗ್ ಎಣ್ಣೆಯನ್ನು ಸುಟ್ಟು ಕರಕು ಮಾಡುತ್ತದೆ.