ನ್ಯೂಯಾರ್ಕ್ ಚಳಿಯಲ್ಲಿ ಬಿಸಿ ಎಲ್ಲಿದೆ? ಬೀದಿ ಫೋಟೊ ಕಲಿಯುವವರಿಗೆ ಒಂದು ಟಿಪ್ಪಣಿ

ಚಳಿಗಾಲದ ನಗರದ ಫೋಟೊ ಅಂದ ಕೂಡಲೇ ಮೊದಲು ನೆನಪಾಗುವುದು ಹಿಮ. ಕಲಿಯಲು ಶುರು ಮಾಡಿದಾಗ ನಾನೂ ಹಿಮದ ಬೆನ್ನು ಹತ್ತಿದ್ದೆ. ಬಿಳಿ ರಸ್ತೆ, ಬಿಳಿ ಮರ, ಬಿಳಿ ಕಾರು. ಹತ್ತು ಚಿತ್ರ ನೋಡುವಷ್ಟರಲ್ಲಿ ಎಲ್ಲವೂ ಒಂದೇ ಥರ ಕಾಣಿಸತೊಡಗಿತು. ಆಮೇಲೆ ನ್ಯೂಯಾರ್ಕ್‌ನ ಚಳಿಗಾಲವನ್ನು ತೆಗೆದ ಮೂವರು ಫೋಟೊಗ್ರಾಫರ್‌ಗಳ ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡು ದಿನಗಟ್ಟಲೆ ನೋಡಿದೆ. ಆಗ ಒಂದು ವಿಷಯ ಹೊಳೆಯಿತು. ಮನಸ್ಸಿನಲ್ಲಿ ಉಳಿಯುವ ಚಿತ್ರಗಳಲ್ಲಿ ಎಲ್ಲೋ ಒಂದು ಕಡೆ ಬಿಸಿ ಇರುತ್ತದೆ. ಕುದುರೆಯ ಮೈಯಿಂದ ಏಳುವ ಹಬೆ, ಒಳಗಿನ ಕಾವಿಗೆ ಬೆವರಿದ ಕಿಟಕಿ, ಬಾಯಿಂದ ಹೊರಟ ಉಸಿರು. ಚಳಿ ಜಾಸ್ತಿಯಾದಷ್ಟೂ ಜನ ಬಿಸಿ ಇದ್ದ ಕಡೆ ಸೇರುತ್ತಾರೆ ಅಲ್ವಾ? ಹಾಗಾಗಿ ಬಿಸಿಯನ್ನು ಹುಡುಕಿಕೊಂಡು ಹೋದರೆ ದಿನನಿತ್ಯದ ಬದುಕು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಇಲ್ಲಿ ನಾನು ಹಿಡಿದಿರುವ ಎಳೆ ಇದೇ.

ಕುದುರೆಯ ಬೆನ್ನಿನ ಹಬೆ

ಮೊದಲು ಆಲ್‌ಫ್ರೆಡ್ ಸ್ಟೀಗ್ಲಿಟ್ಜ್. 1864ರಲ್ಲಿ ನ್ಯೂಯಾರ್ಕ್ ಎದುರಿನ ಹೊಬೋಕನ್‌ನಲ್ಲಿ ಹುಟ್ಟಿದವರು. ಜರ್ಮನಿಯಲ್ಲಿ ಓದಿ 1890ರಲ್ಲಿ ವಾಪಸ್ ಬಂದರು. ಆಗ ಗಂಭೀರವಾಗಿ ಫೋಟೊ ತೆಗೆಯುವವರೆಲ್ಲ ಸ್ಟ್ಯಾಂಡಿನ ಮೇಲೆ ದೊಡ್ಡ ಕ್ಯಾಮೆರಾ ಇಟ್ಟೇ ತೆಗೆಯುತ್ತಿದ್ದರು. ಕೈಯಲ್ಲಿ ಹಿಡಿಯುವ ಕ್ಯಾಮೆರಾ ಸುಮ್ನೆ ಹವ್ಯಾಸಕ್ಕೆ ಅನ್ನುವ ಭಾವನೆ ಇತ್ತು. ಸ್ಟೀಗ್ಲಿಟ್ಜ್ ಅದನ್ನೇ ಹಿಡಿದು ಬೀದಿಗೆ ಇಳಿದರು.

1893ರ ಫೆಬ್ರವರಿ 22ರಂದು ನಗರದಲ್ಲಿ ಜೋರು ಹಿಮಗಾಳಿ. ಅವರು ಫಿಫ್ತ್ ಅವೆನ್ಯೂ ಅನ್ನುವ ರಸ್ತೆಯಲ್ಲಿ ಮೂರು ಗಂಟೆ ನಿಂತು ಕಾದರು. ಸಿಕ್ಕ ಚಿತ್ರದಲ್ಲಿ ಕುದುರೆ ಗಾಡಿಯೊಂದು ಹಿಮವನ್ನು ಸೀಳಿಕೊಂಡು ನಮ್ಮ ಕಡೆಗೇ ಬರುತ್ತಿದೆ. ಚಕ್ರಗಳು ಕೊರೆದ ಕಪ್ಪು ಗೆರೆಗಳು ನಮ್ಮ ಕಣ್ಣನ್ನು ಆ ಗಾಡಿಯ ಹತ್ತಿರ ಕರೆದುಕೊಂಡು ಹೋಗುತ್ತವೆ. 1897ರ ಒಂದು ಲೇಖನದಲ್ಲಿ ಅವರು ತಮ್ಮ ವಿಧಾನವನ್ನು ವಿವರಿಸಿದ್ದಾರೆ. ಮೊದಲು ಜಾಗ ಆರಿಸಿಕೊಳ್ಳಬೇಕು. ಅಲ್ಲಿನ ಗೆರೆಗಳನ್ನೂ ಬೆಳಕನ್ನೂ ಚೆನ್ನಾಗಿ ಗಮನಿಸಬೇಕು. ಆಮೇಲೆ ಹಾದುಹೋಗುವ ಜನರನ್ನು ನೋಡುತ್ತಾ, ಎಲ್ಲವೂ ಹೊಂದಿಕೊಳ್ಳುವ ಕ್ಷಣಕ್ಕೆ ಕಾಯಬೇಕು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ, ಜನರ ಹಿಂದೆ ಓಡುತ್ತೇವೆ. ಇನ್ನೊಂದು ಮಾತು: ಅವರು ನೆಗೆಟಿವ್‌ನ ಒಂದು ಭಾಗವನ್ನಷ್ಟೇ ಪ್ರಿಂಟ್ ಮಾಡಿದರು. ಕ್ರಾಪ್ ಮಾಡುವುದು ತಪ್ಪು ಅಂತ ಯಾರಾದರೂ ಹೇಳಿದರೆ ಈ ಚಿತ್ರ ನೆನಪಿಸಿಕೊಳ್ಳಿ.

ಆದರೆ ನನಗೆ ಅದಕ್ಕಿಂತ ಹತ್ತಿರವಾದದ್ದು ಅದೇ ವರ್ಷದ 'ದಿ ಟರ್ಮಿನಲ್'. ಕುದುರೆಗಳು ಎಳೆಯುವ ಟ್ರಾಮ್‌ನ ಕೊನೆಯ ನಿಲ್ದಾಣ. ಉದ್ದ ಕೋಟು ಹಾಕಿದ ಚಾಲಕ ನಮಗೆ ಬೆನ್ನು ಹಾಕಿ ಕುದುರೆಗಳ ನಡುವೆ ನಿಂತಿದ್ದಾನೆ, ಅವಕ್ಕೆ ನೀರು ಕುಡಿಸುತ್ತಿದ್ದಾನೆ. ನೆಲದ ಹಿಮ ಬೆಳ್ಳಗಿಲ್ಲ, ತುಳಿದು ಕೊಳಕಾಗಿದೆ. ಗಾಡಿ ಎಳೆದು ದಣಿದ ಕುದುರೆಗಳ ಬೆನ್ನಿನಿಂದ ಹಬೆ ಏಳುತ್ತಿದೆ. ಆ ಹಬೆಯನ್ನು ಬೆರಳಿನಿಂದ ಮುಚ್ಚಿ ಚಿತ್ರ ನೋಡಿ. ಒಂದು ಹಳೆಯ ನಿಲ್ದಾಣದ ದಾಖಲೆ ಮಾತ್ರ ಉಳಿಯುತ್ತದೆ. ಬೆರಳು ತೆಗೆದರೆ ಕುದುರೆಗೆ ಜೀವ ಬರುತ್ತದೆ. ಅದರ ದಣಿವು, ಅದರ ಬಾಯಾರಿಕೆ, ನೀರು ಕೊಡುವವನ ಕಾಳಜಿ ಎಲ್ಲವೂ ಅರ್ಥವಾಗುತ್ತದೆ. ಯೂರೋಪಿನಿಂದ ಮರಳಿದ ಸ್ಟೀಗ್ಲಿಟ್ಜ್‌ಗೆ ಆಗ ನ್ಯೂಯಾರ್ಕ್‌ನಲ್ಲಿ ತುಂಬಾ ಒಂಟಿತನ ಕಾಡುತ್ತಿತ್ತು. ಈ ದೃಶ್ಯದ ಮುಂದೆ ಅವರು ಯಾಕೆ ನಿಂತರು ಅನ್ನುವುದು ಹಬೆಯಲ್ಲೇ ಕಾಣುತ್ತದೆ.

ಹಬೆ ಫೋಟೊದಲ್ಲಿ ಕಾಣಬೇಕಾದರೆ

ಹಬೆ ಅಂದರೆ ಸಣ್ಣ ಸಣ್ಣ ನೀರಿನ ಹನಿಗಳು. ಈ ಹನಿಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುತ್ತವೆ. ಹಾಗಾಗಿ ಬೆಳಕು ಹಬೆಯ ಹಿಂದಿನಿಂದ ನಮ್ಮ ಕಡೆ ಬರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಬಿಳಿ ಗೋಡೆಯ ಮುಂದೆ ಹಬೆ ಮಾಯವಾಗುತ್ತದೆ.

ನ್ಯೂಯಾರ್ಕ್‌ನಲ್ಲಿ ಇದಕ್ಕೆ ಒಂದು ಒಳ್ಳೆಯ ಹೊತ್ತಿದೆ. ನಗರದ ನಡುಭಾಗವಾದ ಮ್ಯಾನ್‌ಹಟ್ಟನ್ ದ್ವೀಪದ ಅವೆನ್ಯೂಗಳು, ಅಂದರೆ ಉದ್ದನೆಯ ಮುಖ್ಯ ರಸ್ತೆಗಳು, ನೇರ ಉತ್ತರ ದಕ್ಷಿಣಕ್ಕೆ ಇಲ್ಲ, ಸುಮಾರು 29 ಡಿಗ್ರಿ ವಾಲಿವೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನ ಸುಮಾರು 2 ಗಂಟೆಗೆ ಸೂರ್ಯ ಸರಿಯಾಗಿ ಅವೆನ್ಯೂಗಳ ನೇರಕ್ಕೆ ಬರುತ್ತಾನೆ. ಆಗ ಅವನ ಎತ್ತರ ಬರೀ 20 ಡಿಗ್ರಿ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎದುರು ಬರುವವರ ಉಸಿರೂ ಬೆಳಗುತ್ತದೆ, ರಸ್ತೆಯಿಂದ ಏಳುವ ಹಬೆಯೂ ಬೆಳಗುತ್ತದೆ.

ರಸ್ತೆಯಿಂದ ಹಬೆ ಯಾಕೆ ಬರುತ್ತದೆ? ಅಲ್ಲಿನ ನೆಲದಡಿ ಹಬೆಯ ಕೊಳವೆಗಳಿವೆ. 1882ರಿಂದ ಕಟ್ಟಡಗಳನ್ನು ಬೆಚ್ಚಗಿಡಲು ಆ ವ್ಯವಸ್ಥೆ ನಡೆಯುತ್ತಿದೆ. ಕೆಲವು ಕಡೆ ಕೊಳವೆಯೇ ಸೋರುತ್ತದೆ. ಇನ್ನು ಕೆಲವು ಕಡೆ ಮೇಲಿನಿಂದ ಇಳಿದ ನೀರು ಬಿಸಿ ಕೊಳವೆಗೆ ತಾಗಿ ಆವಿಯಾಗುತ್ತದೆ. ದುರಸ್ತಿ ನಡೆಯುವಲ್ಲಿ ಕಿತ್ತಳೆ ಬಿಳಿ ಪಟ್ಟಿಯ ದೊಡ್ಡ ಕೊಳವೆ ನಿಲ್ಲಿಸಿ ಹಬೆಯನ್ನು ಎತ್ತರಕ್ಕೆ ಬಿಡುತ್ತಾರೆ. ಅದರ ಹತ್ತಿರ ಅರ್ಧ ಗಂಟೆ ನಿಲ್ಲಿ. ಜನ ಹಬೆಯೊಳಗೆ ಹೊಕ್ಕು ಆ ಕಡೆ ಹೊರಬರುವಾಗ ಅವರ ಮುಖಭಾವವೇ ಬೇರೆ ಇರುತ್ತದೆ.

ಎಕ್ಸ್‌ಪೋಷರ್ ಬಗ್ಗೆ, ಅಂದರೆ ಕ್ಯಾಮೆರಾದೊಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದರ ಬಗ್ಗೆ, ಬೇಗ ಹೇಳಿಬಿಡುತ್ತೇನೆ. ಎದುರಿಗಿರುವುದು ಮಧ್ಯಮ ಬೂದು ಬಣ್ಣ, ಅಂದರೆ ಸುಮಾರು 18 ಶೇಕಡಾ ಬೆಳಕು ವಾಪಸ್ ಕಳಿಸುವಂಥದ್ದು ಅಂತ ಕ್ಯಾಮೆರಾದ ಮೀಟರ್ ಅಂದುಕೊಳ್ಳುತ್ತದೆ. ಹೊಸ ಹಿಮ 80 ಶೇಕಡಾಕ್ಕಿಂತ ಜಾಸ್ತಿ ಕಳಿಸುತ್ತದೆ. ಅದಕ್ಕೇ ಹಿಮದ ಚಿತ್ರ ಬೂದಿ ಬಳಿದ ಹಾಗೆ ಬರುತ್ತದೆ. ಒಂದರಿಂದ ಎರಡು ಸ್ಟಾಪ್ ಹೆಚ್ಚು ಕೊಡಿ (ಒಂದು ಸ್ಟಾಪ್ ಹೆಚ್ಚು ಅಂದರೆ ಬೆಳಕು ಎರಡು ಪಟ್ಟು). ಬೀಳುವ ಹಿಮದ ಚೂರುಗಳು ಚುಕ್ಕಿಗಳಾಗಿ ಬೇಕಾದರೆ ಸೆಕೆಂಡಿನ 1/250 ಅಥವಾ ಅದಕ್ಕಿಂತ ವೇಗದ ಶಟರ್, ಗೆರೆಗಳಾಗಿ ಬೇಕಾದರೆ 1/30.

ಕಿಟಕಿಯ ಒಳಗೆ ನಿಂತವರು

ಆಂಡ್ರೆ ಕೆರ್ಟೆಸ್ 1894ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, 1936ರಲ್ಲಿ ನ್ಯೂಯಾರ್ಕ್‌ಗೆ ಬಂದವರು. 1952ರಿಂದ ಅವರ ಮನೆ ವಾಷಿಂಗ್ಟನ್ ಸ್ಕ್ವೇರ್ ಪಾರ್ಕ್ ಪಕ್ಕದ ಕಟ್ಟಡದ 12ನೇ ಮಹಡಿಯಲ್ಲಿತ್ತು. 1954ರ ಜನವರಿಯಲ್ಲಿ ಹಿಮ ಬಿದ್ದಾಗ ಮೇಲಿನಿಂದಲೇ ಆ ಪಾರ್ಕನ್ನು ತೆಗೆದರು. ಬೋಳು ಮರಗಳು, ಬಾಗಿದ ಬೇಲಿ, ಹಿಮದ ಮೇಲೆ ಹೆಜ್ಜೆ ಗುರುತು, ನಡೆದು ಹೋಗುವ ಒಂಟಿ ಮನುಷ್ಯ. ಬಿಸಿ ಇಲ್ಲಿ ಚಿತ್ರದೊಳಗಿಲ್ಲ, ಫೋಟೊಗ್ರಾಫರ್ ನಿಂತ ಕಡೆ ಇದೆ. ಆ ದೂರದಿಂದಲೇ ಕೆಳಗಿನ ಮನುಷ್ಯನ ಒಂಟಿತನ ನಮ್ಮನ್ನು ಮುಟ್ಟುತ್ತದೆ ಅಂತ ನನಗೆ ಅನಿಸುತ್ತದೆ.

ಸಾಲ್ ಲೈಟರ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. 1923ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಧರ್ಮಶಾಸ್ತ್ರದ ಓದು ಬಿಟ್ಟು, ಚಿತ್ರಕಾರನಾಗಬೇಕು ಅಂತ 1946ರಲ್ಲಿ ನ್ಯೂಯಾರ್ಕ್‌ಗೆ ಬಂದರು. ತಾವಿದ್ದ ಈಸ್ಟ್ ವಿಲೇಜ್ ಸುತ್ತಮುತ್ತಲೇ ದಶಕಗಳ ಕಾಲ ಫೋಟೊ ತೆಗೆದರು. ಅದೂ ಬಣ್ಣದಲ್ಲಿ, ಕಲೆ ಅಂದರೆ ಕಪ್ಪು ಬಿಳುಪು ಅಂತ ಜನ ನಂಬಿದ್ದ ಕಾಲದಲ್ಲಿ. ಆ ಬಣ್ಣದ ಚಿತ್ರಗಳು ಹೆಚ್ಚು ಜನರಿಗೆ ಗೊತ್ತಾದದ್ದು 2006ರ ನಂತರ. ಅಷ್ಟರಲ್ಲಿ ಅವರಿಗೆ 80 ದಾಟಿತ್ತು.

ಅವರ 1960ರ 'ಸ್ನೋ' ಚಿತ್ರವನ್ನು ನೋಡಿ. ಹೆಸರು ಹಿಮ, ಆದರೆ ಫೋಕಸ್ ಇರುವುದು ಗಾಜಿನ ಮೇಲೆ. ಗಾಜು ಪೂರ್ತಿ ಮಸುಕಾಗಿದೆ. ನೀರು ದಾರದ ಹಾಗೆ ಅಲ್ಲಲ್ಲಿ ಇಳಿದಿದೆ. ಆಚೆ ನಿಂತ ಮನುಷ್ಯ ಬರೀ ಒಂದು ಆಕಾರ. ಒಳಗೆ ಎಷ್ಟು ಬೆಚ್ಚಗಿದೆ, ಹೊರಗೆ ಎಷ್ಟು ಚಳಿ ಇದೆ ಅನ್ನುವುದನ್ನು ಒಂದೇ ಗಾಜು ಹೇಳುತ್ತದೆ. ಬಣ್ಣ ಬಳಸುವ ರೀತಿಯನ್ನೂ ಗಮನಿಸಿ. ಅವರ ಹಿಮದ ಚಿತ್ರಗಳಲ್ಲಿ ಎಲ್ಲ ಕಡೆ ಬಿಳಿ, ಬೂದು, ಕಂದು. ನಡುವೆ ಒಂದು ಕೆಂಪು ಕೊಡೆ. ಕೆಂಪು ಅಲ್ಲಿ ಬೆಂಕಿಯ ಕೆಲಸ ಮಾಡುತ್ತದೆ, ಕಣ್ಣು ಅದರ ಹತ್ತಿರ ಹೋಗಿ ಕೂರುತ್ತದೆ. 1950ರ ದಶಕದ ಕೊಡಾಕ್ರೋಮ್ ಅನ್ನುವ ಬಣ್ಣದ ಫಿಲ್ಮಿನ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, ಬರೀ ಎಎಸ್‌ಎ 10 (ಈಗಿನ ಐಎಸ್‌ಒ 10) ಇತ್ತು. ಮೋಡ ಕವಿದ ದಿನ ಲೆನ್ಸನ್ನು ಎಫ್/2.8ರಷ್ಟು ಅಗಲ ತೆರೆದರೂ ಶಟರ್ 1/20ರ ಆಸುಪಾಸಿಗೆ ಇಳಿಯುತ್ತದೆ. ಇಂಥ ಫಿಲ್ಮಿನಲ್ಲಿ ಚಳಿಗಾಲವನ್ನು ತೆಗೆಯುವವರು ಮಸುಕನ್ನು ಒಪ್ಪಿಕೊಳ್ಳಲೇಬೇಕು. ಲೈಟರ್ ಅದನ್ನು ಪ್ರೀತಿಸಿದರು.

ಒಂದು ಸಲ ನನ್ನ ಕ್ಯಾಮೆರಾಗೂ ಹೀಗೇ ಆಯಿತು. ಎರಡು ಗಂಟೆ ಹೊರಗೆ ಅಲೆದು ನೇರವಾಗಿ ಬೆಚ್ಚಗಿನ ಕೋಣೆಗೆ ಬಂದೆ. ಲೆನ್ಸ್ ಕ್ಷಣದಲ್ಲಿ ಬೆಳ್ಳಗಾಯಿತು. ಒಳಗಿನ ತೇವದ ಗಾಳಿ ತಣ್ಣಗಿನ ಗಾಜಿಗೆ ತಾಗಿ ನೀರಾಗಿತ್ತು. ಒರೆಸಿದರೆ ಮತ್ತೆ ಮಸುಕು. ಅವತ್ತಿನಿಂದ ಬಾಗಿಲ ಹೊರಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಾಗಿ ಕಟ್ಟುತ್ತೇನೆ. ಒಳಗೆ ಬಂದ ಮೇಲೆ ಅದು ಕೋಣೆಯಷ್ಟೇ ಬೆಚ್ಚಗಾಗುವವರೆಗೂ ಬಿಚ್ಚುವುದಿಲ್ಲ. ಬ್ಯಾಟರಿಯೂ ಚಳಿಗೆ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಗಿನ ಜೇಬಿನಲ್ಲಿ ಮೈಗೆ ಹತ್ತಿರ ಇಟ್ಟುಕೊಳ್ಳಿ. ಚೀಲ ಬಿಚ್ಚಲು ಕಾಯುವಾಗ ನಾನು ಕಿಟಕಿಯ ಪಕ್ಕ ಕೂರುತ್ತೇನೆ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಹೊರಗಿನ ಹಿಮ ನೀಲಿಯಾಗುತ್ತದೆ, ಎದುರಿನ ಕಟ್ಟಡದಲ್ಲಿ ಒಂದೊಂದೇ ಹಳದಿ ಕಿಟಕಿ ಹತ್ತಿಕೊಳ್ಳುತ್ತದೆ. ಗಾಜಿನ ಮೇಲೆ ಒಂದು ಹನಿ ಕೆಳಗೆ ಜಾರಿದರೆ, ಅದು ಬಿಟ್ಟ ಸಣ್ಣ ದಾರಿಯಲ್ಲಿ ಮನೆಗೆ ಹೋಗುತ್ತಿರುವ ಯಾರೋ ಒಬ್ಬರು ಕಾಣಿಸುತ್ತಾರೆ.